ಕೆಟ್ಟಿದ್ದು ರೌಟರ್ ಅಲ್ಲ

ಲಿಫ್ಟಿನೊಳಗೆ ಇಬ್ಬರು ಹುಡುಗಿಯರು ಮಾತಿಲ್ಲದೆ ನಿಂತಿದ್ದರು. ಹತ್ತು ಸೆಕೆಂಡು ಕಳೆಯಿತು, ಇಪ್ಪತ್ತಾಯಿತು, ಮೂವತ್ತೂ ದಾಟಿತು; ಚಿತ್ರ ಅಲುಗಲಿಲ್ಲ. ಲಿಫ್ಟಿನ ಸದ್ದು ಮಾತ್ರ ಬರುತ್ತಿತ್ತು. ಚಿತ್ರ ನಿಂತು ಸದ್ದು ಮುಂದುವರಿದರೆ ಅದು ನೆಟ್ಟಿನದೇ ದೋಷ ಎಂಬುದು ನನ್ನ ದೀರ್ಘಕಾಲದ ಅನುಭವವಾದ್ದರಿಂದ, ಯಾರನ್ನೂ ಕೇಳದೆ ಎದ್ದುಹೋಗಿ ರೌಟರಿನ ಪ್ಲಗ್ಗನ್ನು ಕಿತ್ತು, ಹತ್ತರವರೆಗೆ ಎಣಿಸಿ ಮತ್ತೆ ಸಿಕ್ಕಿಸಿದೆ. ಮಗಳು ಕಿರುಚಿದ ರೀತಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಅದು ದೋಷವಲ್ಲವಂತೆ. ನಿರ್ದೇಶಕರು ಬೇಕೆಂದೇ ಇಬ್ಬರನ್ನೂ ಸುಮಾರು 50 ಸೆಕೆಂಡು ಹಾಗೆ ನಿಲ್ಲಿಸಿದ್ದರಂತೆ.

ಇದು 2019ರ ಜೂನ್ ತಿಂಗಳ ಮಾತು. ಪಿಯುಸಿ ಓದುತ್ತಿದ್ದ ಮಗಳು, ಆಗಷ್ಟೇ ನೆಟ್‌ಫ್ಲಿಕ್ಸಿಗೆ ಬಂದಿದ್ದ ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ ಎಂಬ ಜಪಾನಿ ಆನಿಮೆಯನ್ನು, ಅಂದರೆ ಕಾರ್ಟೂನ್ ಸರಣಿಯನ್ನು, ಮನೆಮಂದಿಯೆಲ್ಲ ನೋಡಲೇಬೇಕೆಂದು ಪಟ್ಟುಹಿಡಿದಿದ್ದಳು. ಗೈನಾಕ್ಸ್ ಸ್ಟುಡಿಯೊದ ಈ 26 ಕಂತುಗಳ ಸರಣಿ, ಹಿದೇಆಕಿ ಅನ್ನೊ ಅವರ ನಿರ್ದೇಶನದಲ್ಲಿ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್ 27ರವರೆಗೆ ಟಿವಿ ಟೋಕಿಯೊದಲ್ಲಿ ಬುಧವಾರ ಸಂಜೆ ಆರೂವರೆಗೆ, ಅಂದರೆ ಮಕ್ಕಳು ಕೈಕಾಲು ತೊಳೆದು ಟಿವಿ ಮುಂದೆ ಕೂರುವ ಹೊತ್ತಿಗೆ, ಪ್ರಸಾರವಾಗಿತ್ತು. ಹದಿನಾಲ್ಕು ವರ್ಷದ ಷಿಂಜಿಯನ್ನು ಅವನ ಅಪ್ಪ ಇವಾ ಎಂಬ ದೈತ್ಯದೊಳಗೆ ಕೂರಿಸಿ, ಊರಿನ ಮೇಲೆ ಏರಿಬರುವ ವಿಚಿತ್ರ ಜೀವಿಗಳ ಜತೆ ಕಾದಾಡಲು ಕಳಿಸುತ್ತಾನೆ. ಆ ದೈತ್ಯಕ್ಕೆ ಬೆನ್ನಿನಲ್ಲಿ ವಿದ್ಯುತ್ ಕೇಬಲ್ ಇರುತ್ತದೆ. ಅದು ಕಿತ್ತುಹೋದರೆ ಒಳಗಿನ ಬ್ಯಾಟರಿ ಐದು ನಿಮಿಷ ಬರುತ್ತದೆ. ನಮ್ಮ ಮನೆಯ ಯುಪಿಎಸ್ಸಿನ ತಾಕತ್ತೂ ಅಷ್ಟೇ ಆದ್ದರಿಂದ ನನಗೆ ಈ ಕಥೆಯಲ್ಲಿ ಮೊದಲ ದಿನವೇ ನಂಬಿಕೆ ಹುಟ್ಟಿತು.

ಆದರೆ 24ನೆಯ ಕಂತಿನಲ್ಲಿ ಮತ್ತೆ ಚಿತ್ರ ನಿಂತಿತು. ದೈತ್ಯ ತನ್ನ ಮುಷ್ಟಿಯಲ್ಲಿ ಒಬ್ಬ ಹುಡುಗನನ್ನು ಹಿಡಿದು ನಿಂತಿದೆ, ಹಿನ್ನೆಲೆಯಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿ ಮೊಳಗುತ್ತಿದೆ, ಒಂದು ನಿಮಿಷವಾದರೂ ಯಾರೂ ಕದಲುತ್ತಿಲ್ಲ. ಈ ಸಲ ಮಗಳು ರಿಮೋಟನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ನನಗೂ ರೌಟರಿಗೂ ನಡುವೆ ಕೂತಿದ್ದಳು. ನಾನು ಬಚ್ಚಲಿಗೆ ಹೋಗುವ ನೆಪದಲ್ಲಿ ಹೊರಗೆ ಬಂದು ಇಂಟರ್‌ನೆಟ್ ಕಂಪನಿಗೆ ಗುಟ್ಟಾಗಿ ದೂರು ಕೊಟ್ಟೆ.

ದೂರು ಕೊಟ್ಟ ಮರುದಿನವೇ ರಿಪೇರಿಗೆ ಜನ ಬಂದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಬಂದದ್ದೂ ಸರಿಯಾಗಿ ಕೊನೆಯ ಕಂತು ಓಡುತ್ತಿದ್ದಾಗ. ಬೆನ್ನಿಗೆ ಚೀಲ ಹಾಕಿಕೊಂಡಿದ್ದ ಆ ಹುಡುಗ ತೆರೆಯನ್ನು ನೋಡಿ ಒಂದು ಕ್ಷಣ ಗಾಬರಿಯಾದ. ತಪ್ಪು ಅವನದಲ್ಲ: ತೆರೆಯ ಮೇಲೆ ಯುದ್ಧವಿರಲಿಲ್ಲ, ದೈತ್ಯರಿರಲಿಲ್ಲ, ಬಣ್ಣವಿಲ್ಲದ ಪೆನ್ಸಿಲ್ ಗೆರೆಗಳು, ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು, ಚಿತ್ರಕಥೆಯ ಹಾಳೆಗಳು, ಇವುಗಳ ನಡುವೆ ಷಿಂಜಿ ‘ನಾನು ಯಾರು’ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ರಫ್ ವರ್ಕನ್ನೇ ಉತ್ತರವೆಂದು ಬರೆದಿಟ್ಟು ಬಂದಂತೆ ಕಾಣುತ್ತಿತ್ತು. ನನ್ನ ಈ ಹೋಲಿಕೆ ತೀರ ತಪ್ಪೂ ಅಲ್ಲ. ಸರಣಿಯ ಕೊನೆಗೆ ಬರುವಷ್ಟರಲ್ಲಿ ಸ್ಟುಡಿಯೊದ ಕೆಲಸ ಪ್ರಸಾರದ ದಿನಾಂಕವನ್ನು ಹಿಡಿಯಲಾರದಷ್ಟು ಹಿಂದೆ ಬಿದ್ದಿತ್ತು.

ಹುಡುಗ ತನ್ನ ಮೊಬೈಲಿನಲ್ಲಿ ಏನೋ ಅಳೆದು, “ಸಾರ್, ಸ್ಪೀಡು ಚೆನ್ನಾಗೇ ಬರ್ತಿದೆ. ಪಿಚ್ಚರ್ರೇ ಹಂಗಿದೆ” ಎಂದ. ಮಗಳು ನನ್ನ ಕಡೆ ತಿರುಗಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ಅಷ್ಟರಲ್ಲಿ ಅಮ್ಮ ಅವನನ್ನು ಕೂರಿಸಿ ಇಪ್ಪತ್ತೈದು ಕಂತುಗಳ ಕಥೆಯನ್ನು ಒಂದೇ ಉಸಿರಿಗೆ ಹೇಳಿದರು. “ತಾಯಿಯಿಲ್ಲದ ಮಗು ಕಣಪ್ಪ. ಆ ಅಪ್ಪ ಅನ್ನಿಸಿಕೊಂಡೋನು ರಾಕ್ಷಸರ ಬಾಯಿಗೆ ಬಿಟ್ಟಿದಾನೆ. ಇವತ್ತು ಏನಾಗತ್ತೆ ಅಂತ ಗೊತ್ತಾಗತ್ತೆ, ಕೂತ್ಕೊ.” ಅಮ್ಮ ಹೀಗೆ ಹೇಳಿ ತೆರೆಯ ಕಡೆ ತಿರುಗುವಷ್ಟರಲ್ಲಿ ಅಲ್ಲಿ ಬೇರೆಯದೇ ಲೋಕ ತೆರೆದುಕೊಂಡಿತ್ತು: ಷಿಂಜಿಗೆ ಶಾಲೆಗೆ ಹೊತ್ತಾಗಿದೆ, ಅವನಂತೆಯೇ ಇವಾ ನಡೆಸುವ, ಸದಾ ಮೌನಿಯಾದ ರೇ ಎಂಬ ಹುಡುಗಿ ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡು ಓಡಿಬಂದು ಅವನಿಗೆ ಡಿಕ್ಕಿ ಹೊಡೆಯುತ್ತಾಳೆ. “ಚಾನೆಲ್ ಯಾರು ಬದಲಾಯಿಸಿದ್ದು?” ಎಂದು ಅಮ್ಮ ಗದರಿದರು. ಎಲ್ಲರೂ ನನ್ನನ್ನೇ ನೋಡಿದರು.

ಆಮೇಲೆ ಷಿಂಜಿಗೆ ಏನೋ ಹೊಳೆಯಿತು. ಅವನನ್ನು ನಡುವೆ ನಿಲ್ಲಿಸಿಕೊಂಡು ಕಥೆಯ ಪಾತ್ರಗಳೆಲ್ಲ, ಅವನನ್ನು ಗೋಳುಹೊಯ್ದುಕೊಂಡ ಅಪ್ಪನೂ ಸೇರಿ, ಸುತ್ತ ನಿಂತು ಚಪ್ಪಾಳೆ ತಟ್ಟುತ್ತ ಒಬ್ಬೊಬ್ಬರಾಗಿ ‘ಒಮೆದೆತೋ’, ಅಂದರೆ ‘ಅಭಿನಂದನೆ’ ಎಂದರು. ಕಥೆಯಲ್ಲಿ ಬರುವ ಸಾಕು ಪೆಂಗ್ವಿನ್ ಕೂಡ ತನ್ನ ಭಾಷೆಯಲ್ಲಿ ಏನೋ ಹೇಳಿತು. ಹುಡುಗ ನಕ್ಕು ಧನ್ಯವಾದ ಹೇಳಿದ. ತಂದೆಗೆ ಧನ್ಯವಾದ, ತಾಯಿಗೆ ವಿದಾಯ, ಎಲ್ಲ ಮಕ್ಕಳಿಗೂ ಅಭಿನಂದನೆ ಎಂಬ ಅಕ್ಷರಗಳು ಬಂದವು. ಮುಗಿಯಿತು.

ಅಮ್ಮನೂ ಚಪ್ಪಾಳೆ ತಟ್ಟಿದರು. ಮದುವೆ ಮನೆಯಲ್ಲಿ ಯಾರ ಹಾರ ಎಂದು ತಿಳಿಯದಿದ್ದರೂ ಅಕ್ಷತೆ ಹಾಕುವುದು ಅವರ ಪದ್ಧತಿ. ರಿಪೇರಿ ಹುಡುಗ ಮಾತ್ರ ಸ್ವಲ್ಪ ಹೊತ್ತು ಕಾದು, “ಮುಗೀತಾ ಸಾರ್? ಮತ್ತೆ ಆ ರಾಕ್ಷಸರು ಏನಾದ್ರು?” ಎಂದು ಕೇಳಿದ.

1996ರಲ್ಲಿ ಜಪಾನಿಗೆ ಜಪಾನೇ ಕೇಳಿದ್ದು ಇದೇ ಪ್ರಶ್ನೆಯನ್ನು. ಆರು ತಿಂಗಳು ಬುಧವಾರಗಳನ್ನು ಕಾದಿರಿಸಿ, ಯಾವ ಜೀವಿ ಎಲ್ಲಿಂದ ಬಂತು, ಯಾರ ಸಂಚಿನಲ್ಲಿ ಯಾರಿದ್ದಾರೆ ಎಂದು ಟಿಪ್ಪಣಿ ಮಾಡಿಟ್ಟುಕೊಂಡಿದ್ದವರಿಗೆ ಕೊನೆಗೆ ಸಿಕ್ಕಿದ್ದು ಒಂದು ಸುತ್ತು ಚಪ್ಪಾಳೆ. ಕೆಲವರು ಇದು ಅದ್ಭುತವೆಂದರು, ಬಹಳ ಜನ ಮೋಸವೆಂದರು, ಸ್ಟುಡಿಯೊಗೆ ಹೊಗಳಿಕೆ ಬೈಗುಳ ಎರಡೂ ಬಂದವು. ಅನ್ನೊ ಮರುವರ್ಷ, 1997ರ ಜುಲೈ 19ರಂದು, ‘ದಿ ಎಂಡ್ ಆಫ್ ಇವ್ಯಾಂಜೆಲಿಯನ್’ ಎಂಬ ಚಿತ್ರದಲ್ಲಿ ಕೊನೆಯೆರಡು ಕಂತುಗಳನ್ನು ಹೊಸದಾಗಿ ಕೊಟ್ಟರು. ಅದರ ನಡುವೆ ಅಭಿಮಾನಿಗಳ ಪತ್ರಗಳು ತೆರೆಯ ಮೇಲೆ ಮಿಂಚಿ ಮಾಯವಾಗುತ್ತವೆ, ಬೈಗುಳದವೂ ಸೇರಿ; ಚಿತ್ರಮಂದಿರದಲ್ಲಿ ಕೂತ ಪ್ರೇಕ್ಷಕರೇ ತೆರೆಯ ಮೇಲೆ ಕಾಣಿಸುತ್ತಾರೆ. ಬೈದವರ ಕೈಯಲ್ಲೇ ಟಿಕೆಟ್ ಕೊಳ್ಳಿಸಿ ಅವರ ಬೈಗುಳವನ್ನು ಅವರಿಗೇ ತೋರಿಸಿದ ಈ ಮನುಷ್ಯನ ಬಗ್ಗೆ ನನಗೆ ಅಂದಿನಿಂದ ಅಪಾರ ಗೌರವವಿದೆ.

ಆ ಚಿತ್ರವನ್ನು ನಾವು ಅಮ್ಮ ಮಲಗಿದ ಮೇಲೆ ನೋಡಿದೆವು. ಒಣಗಿದ ಬಟ್ಟೆ ಮಡಿಸಿಕೊಂಡು ನನ್ನ ಹೆಂಡತಿ ಒಳಗೆ ಬಂದಾಗ ಕೊನೆಯ ದೃಶ್ಯ ನಡೆದಿತ್ತು: ಕೆಂಪು ಸಮುದ್ರದ ದಡದಲ್ಲಿ ಷಿಂಜಿ ಮತ್ತು ಇನ್ನೊಂದು ಇವಾ ನಡೆಸುತ್ತಿದ್ದ ಹುಡುಗಿ ಆಸುಕಾ ಇಬ್ಬರೇ. ಆಸುಕಾ ‘ಕಿಮೊಚಿ ವರುಯ್’ ಎನ್ನುತ್ತಾಳೆ, ಚಿತ್ರ ಮುಗಿಯುತ್ತದೆ.

“ಏನಂದಳು?” ಎಂದಳು ಹೆಂಡತಿ.

“ಥೂ ಅಂದ್ಳೋ, ವಾಂತಿ ಬರೋ ಹಾಗಾಗ್ತಿದೆ ಅಂದ್ಳೋ ಅಂತ ಇಪ್ಪತ್ತೆರಡು ವರ್ಷದಿಂದ ಜಗಳ ನಡೀತಿದೆ ಅಮ್ಮ” ಎಂದಳು ಮಗಳು.

“ವಾಂತಿ ಆದ್ರೆ ಶುಂಠಿ ಕಷಾಯ ಕೊಡ್ಬೇಕಿತ್ತು” ಎಂದು ಅವಳು ಬಟ್ಟೆ ತೆಗೆದುಕೊಂಡು ಹೋದಳು.

ಅಂದಿನಿಂದ ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ, ನನ್ನ ಕನ್ನಡಕದ ಮೇಲೆ ನಾನೇ ಕೂತರೂ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ ‘ಒಮೆದೆತೋ’ ಎನ್ನುವ ಚಾಳಿ ಬಿದ್ದಿದೆ. ಟಿವಿಯ ಅಂತ್ಯವೇ ಮೇಲು ಎನ್ನುವ ಪಕ್ಷಕ್ಕೆ ನಾನು ಸೇರಿದ್ದೇನೆ. ಮನೆಯಲ್ಲಿ ಬಳಕೆಗೆ ಬಂದದ್ದು ಅದೊಂದೇ ತಾನೆ.

ಮಗಳು ಆಸುಕಾ ಪಕ್ಷ. ಷಿಂಜಿಗೆ ಆಸುಕಾಳೇ ತಕ್ಕವಳು ಎಂಬುದು ಅವಳ ಅಚಲ ನಿಲುವು. 2007ರಿಂದ ಅನ್ನೊ ಇಡೀ ಕಥೆಯನ್ನು ನಾಲ್ಕು ಚಿತ್ರಗಳಾಗಿ ಮತ್ತೆ ಹೇಳತೊಡಗಿದ್ದರು. ಕೊನೆಯದು ಕೊರೊನಾ ಕಾರಣಕ್ಕೆ ಮುಂದೆ ಹೋಗಿ ಹೋಗಿ, ಜಪಾನಿನಲ್ಲಿ 2021ರ ಮಾರ್ಚ್ 8ಕ್ಕೂ, ನಮಗೆ ಪ್ರೈಮ್ ವಿಡಿಯೊದಲ್ಲಿ ಆಗಸ್ಟ್ 13ಕ್ಕೂ ಬಂತು. ಅಂದು ನಾಗರ ಪಂಚಮಿ. ಕಡುಬಿನ ತಟ್ಟೆ ಹಿಡಿದೇ ಎಲ್ಲರೂ ಕೂತೆವು. ಕೊನೆಗೆ ಷಿಂಜಿ ಕಡಲತೀರದಲ್ಲಿ ಒಬ್ಬನೇ ಕೂತಿದ್ದಾಗ ಚಿತ್ರದ ಬಣ್ಣ ಆರಿ, ಬರೀ ಪೆನ್ಸಿಲ್ ಗೆರೆಗಳಾದವು. ನಾನು ಎದ್ದೆ.

“ಅಪ್ಪಾ, ಕೂತ್ಕೊ” ಎಂದಳು ಮಗಳು, ತಿರುಗಿಯೂ ನೋಡದೆ.

ಬಣ್ಣ ಮರಳಿತು. ಆದರೆ ಅದರೊಂದಿಗೆ ಬಂದವಳು ಆಸುಕಾ ಅಲ್ಲ, 2009ರ ಎರಡನೆಯ ಚಿತ್ರದಲ್ಲಷ್ಟೇ ಕಥೆಗೆ ಕಾಲಿಟ್ಟ ಮಾರಿ ಎಂಬ ಕನ್ನಡಕದ ಹುಡುಗಿ. ಅನ್ನೊ ಅವರ ಹುಟ್ಟೂರಾದ ಉಬೆಯ ರೈಲು ನಿಲ್ದಾಣದಿಂದ ದೊಡ್ಡವನಾದ ಷಿಂಜಿ ಅವಳ ಕೈಹಿಡಿದು ಹೊರಗೆ ಓಡಿದ. ಮಗಳು ಕಡುಬಿನ ತಟ್ಟೆಯನ್ನು ನೆಲದ ಮೇಲಿಟ್ಟು ಕೋಣೆಯ ಬಾಗಿಲು ಹಾಕಿಕೊಂಡಳು. ಅಮ್ಮ ಬಾಗಿಲ ಬಳಿ ನಿಂತು ಚಪ್ಪಾಳೆ ತಟ್ಟಿ ನೋಡಿದರು. ಆ ದಿನ ಅದು ಕೆಲಸ ಮಾಡಲಿಲ್ಲ.

ಮಾರನೆಯ ವಾರ ರೌಟರು ನಿಜವಾಗಿಯೂ ಕೆಟ್ಟಿತು. ಬಂದವನು ಅದೇ ಹುಡುಗ, ಮಾಸ್ಕಿನ ಮೇಲಿನ ಕಣ್ಣಿನಲ್ಲೇ ಗುರುತು ಹಿಡಿದೆ. ವೈರು ಬದಲಾಯಿಸುತ್ತಲೇ ಅವನು, “ಸಾರ್, ಆ ಪಿಚ್ಚರ್ ಏನಾಯ್ತು ಕೊನೆಗೆ?” ಎಂದ.

“ಮುಗಿಯಿತಪ್ಪ. ಹುಡುಗ ಒಬ್ಬಳು ಕನ್ನಡಕದ ಹುಡುಗಿ ಜತೆ ಹೋದ.”

ಅವನು ಕೈ ತಡೆದು ಯೋಚಿಸಿದ. “ಕನ್ನಡಕದ ಹುಡುಗೀನಾ? ಆವತ್ತು ಚಪ್ಪಾಳೆ ಹೊಡೆಯೋರಲ್ಲಿ ಅವಳು ಇರ್ಲಿಲ್ವಲ್ಲ ಸಾರ್!”

ವಾರದಿಂದ ಮುಚ್ಚಿಕೊಂಡಿದ್ದ ಕೋಣೆಯ ಬಾಗಿಲು ತೆರೆಯಿತು. “ಅದನ್ನೇ ನಾನೂ ಹೇಳ್ತಿರೋದು!” ಎಂದು ಮಗಳು ಹೊರಗೆ ಬಂದಳು.