ಸುಂಕದ ದರಕ್ಕಿಂತ ಮೊದಲು ಸರಕಿನ ಹೆಸರು

ಆಮದು ಸುಂಕದ ಮಾತು ಬಂದಾಗಲೆಲ್ಲ ಚರ್ಚೆ ಶೇಕಡಾವಾರು ಅಂಕಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಆ ಅಂಕಿ ಯಾವ ಸರಕಿಗೆ ತಗಲುತ್ತದೆ ಎಂದು ತೀರ್ಮಾನಿಸುವ ವರ್ಗೀಕರಣದತ್ತ ಹೊರಳಿ ನೋಡುವವರು ಕಡಿಮೆ. ನನ್ನ ಮಟ್ಟಿಗೆ ಸುಂಕದ ಅಸಲಿ ಜಗಳವಿರುವುದು ಅಲ್ಲಿಯೇ.

ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆ ನೋಡಿಕೊಳ್ಳುವ, 1988ರಲ್ಲಿ ಜಾರಿಗೆ ಬಂದ ಎಚ್‌ಎಸ್ (ಹಾರ್ಮನೈಸ್ಡ್ ಸಿಸ್ಟಮ್) ಎಂಬ ಸರಕು ವರ್ಗೀಕರಣ ಪದ್ಧತಿಯಲ್ಲಿ ಪ್ರತಿ ಸರಕಿಗೂ ಆರು ಅಂಕಿಗಳ ಸಂಕೇತವಿದೆ. 09 ಎಂದರೆ ಕಾಫಿ, ಚಹಾ, ಸಾಂಬಾರ ಪದಾರ್ಥಗಳ ಅಧ್ಯಾಯ; 0901 ಎಂದರೆ ಅದರೊಳಗಿನ ಕಾಫಿ ಎಂಬ ಶೀರ್ಷಿಕೆ; 090111 ಎಂದರೆ ಹುರಿಯದ, ಕೆಫೀನ್ ತೆಗೆಯದ ಕಾಫಿ. ಅದೇ ಬೀಜವನ್ನು ಹುರಿದರೆ ಸಂಕೇತ 090121 ಆಗುತ್ತದೆ, ದರವೂ ಬದಲಾಗಬಹುದು. ಆರು ಅಂಕಿಗಳ ಮುಂದಕ್ಕೆ ಆಯಾ ದೇಶ ತನಗೆ ಬೇಕಾದಂತೆ ಅಂಕಿ ಸೇರಿಸಿಕೊಳ್ಳುತ್ತದೆ. ಸರಕಿನ ಮೌಲ್ಯ ಮತ್ತು ಮೂಲ ದೇಶವೂ ಲೆಕ್ಕಕ್ಕೆ ಬರುತ್ತವೆ. ಆದರೆ ಸಂಕೇತ ನಿಗದಿಯಾಗದೆ ದರವೇ ಹುಟ್ಟುವುದಿಲ್ಲ. ಅಂದಹಾಗೆ, ಈ ಹಣವನ್ನು ಕಟ್ಟುವವನು ಆಮದುದಾರ, ರಫ್ತು ಮಾಡಿದ ದೇಶವಲ್ಲ. ಇದನ್ನು ಮರೆತು ಭಾಷಣ ಮಾಡುವವರು ಎಲ್ಲೆಡೆ ಇದ್ದಾರೆ.

ಹೆಸರಿಡುವುದಕ್ಕೂ ನಿಯಮಗಳಿವೆ. ಸೈಕಲ್ಲನ್ನು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ತುಂಬಿ ತಂದರೂ ಅದು ಸೈಕಲ್ಲೇ. ಹಲವು ವಸ್ತುಗಳು ಬೆರೆತಿದ್ದು, ಯಾವ ಶೀರ್ಷಿಕೆಯೂ ನಿರ್ದಿಷ್ಟವಾಗಿ ಹೊಂದದಿದ್ದರೆ ಅದಕ್ಕೆ ಮುಖ್ಯ ಗುಣವನ್ನು ಕೊಡುವ ಅಂಶ ಯಾವುದೆಂದು ನೋಡಬೇಕು. ಅದೂ ಬಗೆಹರಿಯದಿದ್ದರೆ, ಸ್ಪರ್ಧೆಯಲ್ಲಿರುವ ಶೀರ್ಷಿಕೆಗಳಲ್ಲಿ ಅಂಕಿಯ ಕ್ರಮದಲ್ಲಿ ಕೊನೆಗೆ ಬರುವುದೇ ಗತಿ.

ಇಷ್ಟಿದ್ದೂ ವ್ಯಾಜ್ಯಗಳು ತಪ್ಪಿಲ್ಲ. 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಸಸ್ಯಶಾಸ್ತ್ರದ ಪ್ರಕಾರ ಹಣ್ಣಾದ ಟೊಮೆಟೊವನ್ನು ಜನರ ಆಡುಮಾತಿನ ಅರ್ಥ ಹಿಡಿದು ತರಕಾರಿ ಎಂದಿತು; ಅಂದಿನ ಕಾನೂನಿನಲ್ಲಿ ತರಕಾರಿಗೆ ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ಅದೇ ದೇಶದಲ್ಲಿ ಸರಕು ಸಾಗಿಸುವ ವ್ಯಾನಿಗೆ ಶೇ 25, ಪ್ರಯಾಣಿಕರ ವಾಹನಕ್ಕೆ ಶೇ 2.5 ಸುಂಕವಿದ್ದಾಗ, ಫೋರ್ಡ್ ಕಂಪನಿ ಟರ್ಕಿಯಲ್ಲಿ ತಯಾರಾದ ವ್ಯಾನುಗಳಿಗೆ ಹಿಂಬದಿಯ ಸೀಟು ಜೋಡಿಸಿ ತಂದು, ಕಸ್ಟಮ್ಸ್ ದಾಟಿದ ಮೇಲೆ ಆ ಸೀಟುಗಳನ್ನು ಕಿತ್ತುಹಾಕುತ್ತಿತ್ತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಅವು ಸರಕು ವಾಹನಗಳೇ ಎಂದು ತೀರ್ಪಿತ್ತಿತು. ಕಂಪನಿಯ ಜಾಣತನವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಪಕ್ಕಪಕ್ಕದ ಎರಡು ಹೆಸರುಗಳ ನಡುವೆ ಹತ್ತು ಪಟ್ಟು ಅಂತರವಿಟ್ಟವರು, ಆ ಸೀಟುಗಳಿಗೆ ತಾವೂ ಕಾರಣರೆಂದು ಒಪ್ಪಬೇಕು.

ದೊಡ್ಡ ಕಂಪನಿಗೆ ವರ್ಷಗಟ್ಟಲೆ ಕೋರ್ಟು ಅಲೆಯುವ ಶಕ್ತಿಯಿದೆ. ಸಣ್ಣ ಆಮದುದಾರನ ಸಂಕೇತ ತಪ್ಪೆಂದು ಬಂದರಿನಲ್ಲಿ ತಿಳಿದರೆ, ಬಾಕಿ ಸುಂಕದ ಜೊತೆಗೆ ದಂಡವೂ ಬಿದ್ದು ಅವನ ಲಾಭವೆಲ್ಲ ಕರಗಬಹುದು. ವಿಶ್ವ ವ್ಯಾಪಾರ ಸಂಸ್ಥೆಯ, 2017ರಲ್ಲಿ ಜಾರಿಗೆ ಬಂದ ವ್ಯಾಪಾರ ಸುಗಮ ಒಪ್ಪಂದದಲ್ಲಿ ವರ್ಗೀಕರಣದ ಕುರಿತು ಮುಂಗಡ ತೀರ್ಪು, ಅಂದರೆ ಸರಕು ತರುವ ಮೊದಲೇ ಕಸ್ಟಮ್ಸ್‌ನ ಲಿಖಿತ ನಿರ್ಧಾರ, ಕೊಡುವ ವ್ಯವಸ್ಥೆ ಇದೆ. ಆ ತೀರ್ಪುಗಳು ವ್ಯಾಪಾರದ ಗುಟ್ಟುಗಳನ್ನು ಬಿಟ್ಟು ಎಲ್ಲರಿಗೂ ಓದಲು ಸಿಗಬೇಕು, ಅದೂ ಸರಕು ಹಡಗು ಹತ್ತುವ ಮೊದಲೇ.