ಕೆಂಪಗಿದೆ, ಬೆಚ್ಚಗಿದೆ, ಕುಡಿಯಿರಿ

ಕಾಸರಗೋಡು ಯಾವ ರಾಜ್ಯಕ್ಕೆ ಸೇರಬೇಕು ಎಂಬ ಪ್ರಶ್ನೆಗೆ ಮಹಾಜನ ಆಯೋಗ 1967ರಲ್ಲಿ ಉತ್ತರ ಬರೆದುಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವುದು ಕರ್ನಾಟಕಕ್ಕೆ ಎಂದಿತು. ವರದಿ ಇವತ್ತಿಗೂ ದೂಳು ಹೊದ್ದು ಮಲಗಿದೆ. ಆಯೋಗದವರು ಜನರ ನಾಲಗೆಯ ಮೇಲಿನ ಭಾಷೆಯನ್ನು ನೋಡಿದರೇ ಹೊರತು ಅದೇ ನಾಲಗೆಯ ಮೇಲೆ ಬೀಳುವ ನೀರಿನ ಬಿಸಿಯನ್ನು ನೋಡಲಿಲ್ಲ. ನೋಡಿದ್ದರೆ ಗಡಿ ಎಲ್ಲಿದೆ ಎಂಬುದು ಒಂದೇ ಊಟದಲ್ಲಿ ಇತ್ಯರ್ಥವಾಗುತ್ತಿತ್ತು. ಗಡಿಯ ತಲಪಾಡಿಯ ಆಚೆ, ಕರ್ನಾಟಕದಲ್ಲಿ, ಹೋಟೆಲಿನ ಹುಡುಗ ಸ್ಟೀಲ್ ಲೋಟದಲ್ಲಿ ತಣ್ಣೀರು ತಂದು ಕುಕ್ಕುತ್ತಾನೆ. ತಲಪಾಡಿಯ ಈಚೆ, ಮಂಜೇಶ್ವರದಿಂದ ಮೊದಲ್ಗೊಂಡು, ಪತ್ತಿಮುಗವೆಂಬ ಮರದ ಚಕ್ಕೆ ಹಾಕಿದ ಬೆಚ್ಚಗಿನ ಕೆಂಪು ನೀರು ಬರುತ್ತದೆ. ನಡುವೆ ಇರುವುದು ಬಸ್ಸಿನ ಕೆಲವೇ ನಿಮಿಷಗಳ ದಾರಿ. ಅಷ್ಟರಲ್ಲಿ ಮನುಷ್ಯನ ಜಠರ ರಾಜ್ಯ ಬದಲಾಯಿಸಿ, ತಣ್ಣೀರು ಅರಗಿಸುವ ಶಕ್ತಿಯನ್ನು ಚೆಕ್‌ಪೋಸ್ಟಿನಲ್ಲಿ ಒಪ್ಪಿಸಿ ಬರುತ್ತದೆ.

ಗಡಿನಾಡಿನವರಾದ ನಮಗೆ ಎರಡೂ ಕಡೆಯ ಜ್ಞಾನ ಸಿಗುತ್ತದೆ. ಅದು ನಮ್ಮ ಭಾಗ್ಯ. ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಐದೂವರೆಗೆ ಸಂದೇಶ ಬರುತ್ತದೆ: ಊಟದ ಮೇಲೆ ತಣ್ಣೀರು ಕುಡಿದರೆ ಎಣ್ಣೆ ಜಿಡ್ಡೆಲ್ಲ ಹೊಟ್ಟೆಯಲ್ಲಿ ಗಟ್ಟಿಯಾಗಿ ಕರುಳಿಗೆ ಮೆತ್ತಿಕೊಂಡು ಕೊನೆಗೆ ಕ್ಯಾನ್ಸರ್ ಆಗುತ್ತದೆ. ಆರು ಗಂಟೆಗೆ ಅದೇ ಸಂದೇಶ ಮಲಯಾಳದ ಗುಂಪಿನಲ್ಲಿ ಬಂದು ಹೃದಯಾಘಾತವನ್ನೂ ಸೇರಿಸಿಕೊಂಡಿರುತ್ತದೆ. ಏಳು ಗಂಟೆಗೆ ತಣ್ಣೀರಿನ ಪಕ್ಷದವರು ಎದ್ದು, ಐಸ್ ನೀರು ಕುಡಿದರೆ ದೇಹವೇ ಅದನ್ನು ಕಾಯಿಸಬೇಕಾದ್ದರಿಂದ ಕೊಬ್ಬು ಕರಗುತ್ತದೆ ಎಂದು ಉತ್ತರ ಕೊಡುತ್ತಾರೆ. ಲೆಕ್ಕ ಸರಿಯೇ. ನಾಲ್ಕು ಡಿಗ್ರಿಯ ಕಾಲು ಲೀಟರ್ ನೀರನ್ನು ಮೈಯ ಬಿಸಿಗೆ ತರಲು ಸುಮಾರು ಎಂಟು ಕ್ಯಾಲೊರಿ ಖರ್ಚಾಗುತ್ತದೆ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನ ಸಾಲ ತೀರಿಸಬೇಕಾದರೆ ಹನ್ನೆರಡು ಹದಿಮೂರು ಲೋಟ ಐಸ್ ನೀರು ಕುಡಿಯಬೇಕು. ಕುಡಿದು ಮುಗಿಯುವಾಗ ಹಸಿವಾಗಿ ಇನ್ನೊಂದು ಬಾಳೆಹಣ್ಣು ತಿಂದರೆ ಆ ಸಾಲಕ್ಕೆ ಆಯೋಗವೇ ಬೇಕಾದೀತು.

ಪ್ರತಿಯೊಂದು ಕುಟುಂಬದಲ್ಲಿಯೂ ಜೀರ್ಣಶಾಸ್ತ್ರ ಬಲ್ಲ ಮಾವ ಒಬ್ಬರು ಇರುತ್ತಾರೆ. ಬದಿಯಡ್ಕದಿಂದ ಉಪ್ಪಳದವರೆಗೆ ಯಾವ ಮದುವೆ ಮಂಟಪಕ್ಕೆ ಹೋದರೂ ಅವರನ್ನು ಕಾಣಬಹುದು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತ ಹುಡುಗಿಯರಿಂದ ಅವರು ಮೊದಲು ನೀಲಿ ಬಣ್ಣದ ಪಾನಕ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಐಸಿನ ಚೂರುಗಳು ತೇಲುತ್ತಿರುತ್ತವೆ. ರುಚಿ ಗೊತ್ತಾಗಲಿಲ್ಲವೆಂದು ಇನ್ನೊಂದು ಲೋಟ. ಆಮೇಲೆ ಪಂಕ್ತಿಯಲ್ಲಿ ಕುಳಿತು ಎಲೆಗೆ ನೀರು ಚಿಮುಕಿಸಿ, ಬಡಿಸುವ ಸುದರಿಕೆಗೆ ನಿಂತ ಅಳಿಯನನ್ನು ಕರೆಯುತ್ತಾರೆ.

“ನೀರು ಬಿಸಿಯದ್ದೋ?”

“ಬಿಸಿಯದ್ದೇ ಮಾವ.”

“ಮಕ್ಕಳಿಗೂ ಅದನ್ನೇ ಕೊಡು. ಹೋಳಿಗೆಗೆ ತುಪ್ಪ ಹಾಕಿದ ಮೇಲೆ ತಣ್ಣೀರು ಹೋದರೆ ತುಪ್ಪ ಒಳಗೆ ಗಟ್ಟಿಯಾಗುತ್ತದೆ. ಆಮೇಲೆ ಯಾವ ಡಾಕ್ಟರಿಂದಲೂ ತೆಗೆಯಲಿಕ್ಕಾಗುವುದಿಲ್ಲ.”

ಅವಿಲು, ಮೇಲಾರ, ಹೋಳಿಗೆ, ಎರಡು ಬಗೆ ಪಾಯಸ, ಮಜ್ಜಿಗೆ ಎಲ್ಲ ಮುಗಿದು ಕೈ ತೊಳೆದು ಹೊರಗೆ ಬಂದರೆ ಅಲ್ಲಿ ಐಸ್‌ಕ್ರೀಮಿನ ಮೇಜು. ಮಾವನವರು ಎರಡು ಕಪ್ಪು ತೆಗೆದುಕೊಂಡು, ಮರದ ಚಮಚದಿಂದ ಮುಚ್ಚಳದ ಒಳಬದಿಯನ್ನು ಕೂಡ ಕೆರೆಯುತ್ತಾರೆ. ಇದಕ್ಕೆ ತುಪ್ಪ ಗಟ್ಟಿಯಾಗುವುದಿಲ್ಲವೇ ಎಂದು ಯಾರಾದರೂ ಹುಡುಗರು ಕೇಳಿದರೆ ಉತ್ತರ ಸಿದ್ಧವಿದೆ: “ಇದು ನೀರಲ್ಲವಲ್ಲ!”

ಮಾವನವರ ಸಿದ್ಧಾಂತ ಹುಟ್ಟಿದ್ದು ಬಚ್ಚಲಿನ ಕಿಟಕಿಯಲ್ಲಿ ಎಂದು ನನ್ನ ಗುಮಾನಿ. ಡಿಸೆಂಬರಿನ ಬೆಳಗ್ಗೆ ಅಲ್ಲಿ ಇಟ್ಟ ತೆಂಗಿನೆಣ್ಣೆಯ ಬಾಟಲಿ ಬೆಳ್ಳಗೆ ಗಟ್ಟಿಯಾಗಿರುತ್ತದೆ. ತೆಂಗಿನೆಣ್ಣೆ ಹೆಪ್ಪುಗಟ್ಟುವುದು 24 ಡಿಗ್ರಿಯ ಆಸುಪಾಸಿನಲ್ಲಿ. ಹೊಟ್ಟೆಯೊಳಗಾದರೋ ವರ್ಷವಿಡೀ 37 ಡಿಗ್ರಿ. ಅಲ್ಲಿಗೆ ಡಿಸೆಂಬರ್ ಬರುವುದಿಲ್ಲ. ಫ್ರಿಜ್ಜಿನ ನೀರು ಬಿದ್ದಾಗ ಮೊದಲ ಕೆಲವು ನಿಮಿಷ ಜಠರ ತುಸು ನಿಧಾನವಾಗಿ ಖಾಲಿಯಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ, ಅದನ್ನು ಒಪ್ಪಿಕೊಳ್ಳೋಣ. ಆದರೆ ಅರ್ಧ ಗಂಟೆಯೊಳಗೆ ಹೊಟ್ಟೆಯೂ ನೀರೂ ಒಂದೇ ಬಿಸಿಗೆ ಬಂದು ರಾಜಿಯಾಗುತ್ತವೆ. ಕೊಬ್ಬು ಮುಖ್ಯವಾಗಿ ಅರಗುವುದು ಅಲ್ಲಿಂದ ಮುಂದೆ, ಸಣ್ಣ ಕರುಳಿನಲ್ಲಿ, ಪಿತ್ತರಸದ ಕೈಯಲ್ಲಿ. ನೀರು ಅಲ್ಲಿಗೆ ತಲಪುವ ಹೊತ್ತಿಗೆ ಅದು ಒಂದು ಕಾಲದಲ್ಲಿ ತಣ್ಣಗಿತ್ತು ಎಂಬುದಕ್ಕೆ ಸಾಕ್ಷಿಯೇ ಉಳಿದಿರುವುದಿಲ್ಲ.

ತಣ್ಣೀರು ನಿಜವಾಗಿ ಆಗದವರೂ ಇದ್ದಾರೆ. ಅನ್ನನಾಳದ ಕೆಳಬಾಯಿ ಸರಿಯಾಗಿ ಸಡಿಲಗೊಳ್ಳದ ಕಾಯಿಲೆ ಇರುವವರಿಗೆ ತಣ್ಣೀರಿನಿಂದ ನುಂಗುವುದು ಕಷ್ಟವಾಗಿ ಬಿಸಿನೀರಿನಿಂದ ಹಾಯೆನಿಸಬಹುದು. ಅರೆತಲೆನೋವಿನ ಕೆಲವರಿಗೆ ಐಸ್ ನೀರು ನೋವನ್ನು ಎಬ್ಬಿಸುತ್ತದೆ. ಆಯುರ್ವೇದದ ಹಳೆಯ ಆಚಾರ್ಯರು ಕೂಡ ತಣ್ಣೀರನ್ನು ಗಡೀಪಾರು ಮಾಡಿರಲಿಲ್ಲ. ಬಿಸಿನೀರಿಗೆ ಕೆಲವು ತೊಂದರೆ, ತಣ್ಣೀರಿಗೆ ಕೆಲವು ತೊಂದರೆ ಎಂದು ಹಂಚಿಕೊಟ್ಟಿದ್ದರು. ಕ್ಯಾನ್ಸರಿನ ಮಾತು ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಗೆ ಸೇರಿಸಿದ್ದು 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು. ಈ ಸುದ್ದಿಯನ್ನು ಮಾತ್ರ ಯಾವ ಗುಂಪಿನಲ್ಲಿಯೂ ಯಾರೂ ಮುಂದಕ್ಕೆ ಕಳುಹಿಸಿದ್ದು ಕಾಣೆ. ಬೆಳಗಿನ ಚಹಾ ಹಿಡಿದುಕೊಂಡು ಅಂಥದ್ದನ್ನು ಕಳುಹಿಸಲು ಯಾರಿಗೆ ಮನಸ್ಸು ಬರುತ್ತದೆ?

ನನ್ನ ತಕರಾರು ಮಾವನವರ ಜೀರ್ಣಶಕ್ತಿಯ ಮೇಲಲ್ಲ. ಬಿಸಿಯೋ ತಣ್ಣಗೋ ಎಂಬ ಈ ಮಹಾಯುದ್ಧದಲ್ಲಿ, ನೀರು ಕುದಿದಿದೆಯೇ ಎಂಬ ಪ್ರಶ್ನೆಯೇ ಮೆಲ್ಲಗೆ ಪಂಕ್ತಿಯಿಂದ ಎದ್ದುಹೋಗಿದೆ. ಲೋಟ ಮುಟ್ಟಿದರೆ ಬಿಸಿ, ಬಿಸಿ ಎಂದರೆ ಕುದಿಸಿದ್ದು, ಕುದಿಸಿದ್ದೆಂದರೆ ಶುದ್ಧ. ಕೆಂಪಗೂ ಇದ್ದರೆ ಔಷಧ. ನಮ್ಮ ಊಟದ ವ್ಯವಸ್ಥೆ ಈ ತರ್ಕದ ಮೇಲೆ ನಿಂತಿದೆ.

ಅಡಿಗೆಮನೆಯ ಹಿಂಬಾಗಿಲಿನಿಂದ ನೋಡೋಣ. ಮಧ್ಯಾಹ್ನ ಹನ್ನೆರಡೂಕಾಲು. ಮೊದಲ ಪಂಕ್ತಿಗೆ ಮುನ್ನೂರು ಎಲೆ. ಒಂದು ಹಂಡೆ ನೀರು ತಳಪಳ ಕುದಿಯುವುದಕ್ಕೆ ಎಷ್ಟು ಗ್ಯಾಸ್ ಬೇಕು, ಕುದಿದದ್ದು ಬಾಯಿ ಸುಡದ ಹದಕ್ಕೆ ಆರುವುದಕ್ಕೆ ಎಷ್ಟು ಹೊತ್ತು ಬೇಕು ಎಂಬುದು ಅಡಿಗೆಯವರಿಗೆ ಚೆನ್ನಾಗಿ ಗೊತ್ತು. ಆ ಹಂಡೆಗೆ ಪತ್ತಿಮುಗದ ಚಕ್ಕೆಯನ್ನೋ ದಾಹಶಮನಿ ಎಂಬ ಗಿಡಮೂಲಿಕೆಗಳ ಪುಡಿಯನ್ನೋ ಹಾಕಿ ರಕ್ತದಷ್ಟು ಕೆಂಪು ಮಾಡಿರುತ್ತಾರೆ. ಹುಡುಗ ಒಬ್ಬ ಜಗ್ಗಿನಲ್ಲಿ ಒಂದು ಪಾಲು ಅದನ್ನು ತೆಗೆದುಕೊಂಡು, ಮೂರು ಪಾಲು ಟಾಂಕಿಯ ನಳ್ಳಿಗೆ ಹಿಡಿಯುತ್ತಾನೆ. ನೂರು ಡಿಗ್ರಿಯದ್ದು ಒಂದು ಪಾಲು, 28 ಡಿಗ್ರಿಯದ್ದು ಮೂರು ಪಾಲು. ಕೂಡಿಸಿ ನಾಲ್ಕರಿಂದ ಭಾಗಿಸಿದರೆ 46 ಡಿಗ್ರಿ. ಬಣ್ಣ ಗುಲಾಬಿ, ಲೋಟ ಬೆಚ್ಚಗೆ, ಮಾವನವರಿಗೆ ಸಮಾಧಾನ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಾಣುವನ್ನು ಮುಗಿಸಲು 85 ಡಿಗ್ರಿಯಲ್ಲಿ ಒಂದು ನಿಮಿಷವಾದರೂ ಕಾಯಿಸಬೇಕು. 46 ಡಿಗ್ರಿ ಎಂದರೆ ಅದಕ್ಕೆ ದೀಪಾವಳಿಯ ಎಣ್ಣೆಸ್ನಾನ.

ಕುದಿಸಿದ ನೀರಿಗೆ ಹಸಿನೀರು ಬೆರೆಸಬೇಡಿ ಎಂದು ಕೇರಳದ ಆರೋಗ್ಯ ಇಲಾಖೆ ಕಾಮಾಲೆ ಬಂದಾಗಲೆಲ್ಲ ಹೇಳುತ್ತದೆ. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಗೂರಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದಾಗ ಹೇಳಿತು. ಅದೇ ವರ್ಷ ಮಲಪ್ಪುರಂ ಜಿಲ್ಲೆಯ ವಳ್ಳಿಕ್ಕುನ್ನಿನ ಕಾಮಾಲೆಯ ಜಾಡು ಹಿಡಿದು ಹೋದವರು ಒಂದು ಮದುವೆಯ ಊಟಕ್ಕೆ ಬಂದು ಮುಟ್ಟಿದಾಗಲೂ ಹೇಳಿತು. ನಾವು ಕೇಳಿಸಿಕೊಂಡೆವು. ಕೇಳಿಸಿಕೊಂಡು, ಬಿಸಿನೀರನ್ನೇ ಕುಡಿಯಬೇಕೆಂದು ನೆನಪಿಟ್ಟುಕೊಂಡೆವು. ವಾಕ್ಯದ ಉಳಿದರ್ಧ ಹಂಡೆಯೊಳಗೆ ಆವಿಯಾಯಿತು.

ಈ ವೈರಾಣುವಿಗೆ ಇನ್ನೊಂದು ಸೌಜನ್ಯವಿದೆ. ಊಟ ಮಾಡಿದ ದಿನ ಅದು ಯಾರ ಮರ್ಯಾದೆಯನ್ನೂ ಕಳೆಯುವುದಿಲ್ಲ. ಎರಡು ವಾರದಿಂದ ಏಳು ವಾರದವರೆಗೆ ಸುಮ್ಮನಿದ್ದು, ಸರಾಸರಿ 28 ದಿನಗಳ ನಂತರ ಕಣ್ಣು ಹಳದಿಯಾಗುತ್ತದೆ. ಅಷ್ಟರಲ್ಲಿ ಅಡಿಗೆಯವರ ಬಾಬ್ತು ಚುಕ್ತಾ ಆಗಿ, ಮದುಮಗಳು ಎರಡು ಸಲ ತವರಿಗೆ ಬಂದುಹೋಗಿ, ಫೋಟೋ ಆಲ್ಬಂ ಕೂಡ ಮನೆ ಸೇರಿರುತ್ತದೆ. ಯಾವ ನೀರು, ಯಾವ ಮಂಟಪ ಎಂದು ಯಾರು ನೆನಪಿಟ್ಟುಕೊಂಡಿರುತ್ತಾರೆ? ನೆನಪಿಟ್ಟುಕೊಳ್ಳುವವರು ಒಬ್ಬರೇ. ನೆಲನೆಲ್ಲಿಯ ಕಟ್ಟು ಹಿಡಿದುಕೊಂಡು ರೋಗಿಯನ್ನು ನೋಡಲು ಬರುವ ಮಾವನವರು, ಹಾಸಿಗೆಯ ಬುಡದಲ್ಲಿ ಕುಳಿತು ತೀರ್ಪು ಕೊಡುತ್ತಾರೆ: “ಆವತ್ತೇ ಹೇಳಿದ್ದೆ. ಎಲ್ಲರೂ ಬಿಸಿನೀರು ಕುಡಿಯುವಾಗ ಇವನೊಬ್ಬ ಸೀಲ್ ಒಡೆದು ಬಾಟಲಿಯ ತಣ್ಣೀರು ಕುಡಿದ.” ಮದುವೆ ಮಂಟಪದಲ್ಲಿದ್ದ ನೀರುಗಳಲ್ಲಿ ಸ್ವಲ್ಪವಾದರೂ ನಂಬಬಹುದಾಗಿದ್ದದ್ದು ಆ ಬಾಟಲಿಯೇ ಇರಬಹುದು, ಕೇಡು ಮಾಡಿದ್ದು ಬಾಗಿಲಲ್ಲಿ ಕೊಟ್ಟ ನೀಲಿ ಪಾನಕದ ಐಸೂ ಇರಬಹುದು ಎಂದು ರೋಗಿ ಹೇಳಬಹುದಿತ್ತು. ಐಸು ವೈರಾಣುವನ್ನು ಕೊಲ್ಲುವುದಿಲ್ಲ, ಕಾಪಾಡಿ ಇಡುತ್ತದೆ. ಆದರೆ ಕಾಮಾಲೆಯವರಿಗೆ ವಾದ ಮಾಡುವ ತ್ರಾಣ ಎಲ್ಲಿಂದ ಬರಬೇಕು.

ಮಕ್ಕಳು ಮಾತ್ರ ಈ ಕೆಂಪು ನೀರನ್ನು ಸರಿಯಾಗಿ ಪರೀಕ್ಷೆ ಮಾಡುತ್ತಾರೆ. ನಿಂಬೆಹಣ್ಣಿನ ಹೋಳು ಸಿಕ್ಕಿದರೆ ಪತ್ತಿಮುಗದ ನೀರಿಗೆ ಹಿಂಡಿ ನೋಡಿ; ಕಣ್ಣೆದುರೇ ಕೆಂಪು ಹೋಗಿ ಹಳದಿಯಾಗುತ್ತದೆ. ಆ ಬಣ್ಣದ ಗುಣವೇ ಹಾಗೆ, ಹುಳಿ ತಾಗಿದರೆ ಪಕ್ಷಾಂತರ. ಹಳದಿಯಾಗುವುದು ನೀರು ಮಾತ್ರವಾದರೆ ಚಿಂತೆ ಇಲ್ಲ.

ನೀರಿನ ಹದದ ಬಗ್ಗೆ ಇಷ್ಟು ಸೂಕ್ಷ್ಮ ಇರುವ ಊರಿಗೆ ವರ್ಷಗಟ್ಟಲೆ ಬಂದದ್ದು ಎಂಥ ನೀರು ಎಂಬುದನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬಾವಿಕ್ಕೆರೆಯಲ್ಲಿ ಶಾಶ್ವತ ತಡೆ ಎದ್ದು ನಿಲ್ಲುವವರೆಗೆ, ಬೇಸಿಗೆಯಲ್ಲಿ ಪಯಸ್ವಿನಿ ಸೊರಗಿದೊಡನೆ ಕಡಲು ಹೊಳೆಯೊಳಗೆ ನುಗ್ಗುತ್ತಿತ್ತು, ಕಾಸರಗೋಡು ಪೇಟೆಯ ನಳ್ಳಿಯಲ್ಲಿ ಉಪ್ಪುನೀರು ಬರುತ್ತಿತ್ತು. ಪ್ರತಿ ವರ್ಷ ಮರಳಿನ ಚೀಲ ಪೇರಿಸಿ ತಾತ್ಕಾಲಿಕ ಒಡ್ಡು ಕಟ್ಟುವುದು, ಮಳೆಗೆ ಅದು ಕೊಚ್ಚಿಹೋಗುವುದು, ಮರುವರ್ಷ ಹೊಸ ಚೀಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು, ಹನ್ನೆರಡು ಹೊಳೆಗಳ ಜಿಲ್ಲೆ. ಆ ಕಾಲದಲ್ಲಿಯೂ ನಮ್ಮ ಚರ್ಚೆ ಇದ್ದದ್ದು ಊಟಕ್ಕೆ ಮೊದಲು ಕುಡಿಯುವುದೋ, ನಡುವೆಯೋ, ಆಮೇಲೋ ಎಂಬುದರ ಮೇಲೆ. ಉಪ್ಪುನೀರಿಗೂ ಉಪಯೋಗ ಕಂಡುಕೊಂಡವರಿದ್ದರು ಅನ್ನಿ. ಉಗುರುಬೆಚ್ಚಗೆ ಮಾಡಿದರೆ ಗಂಟಲು ಮುಕ್ಕಳಿಸಲು ಬೇರೆ ಉಪ್ಪು ಹಾಕುವ ಅಗತ್ಯ ಇರಲಿಲ್ಲ.

ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದ ಹಿಂದಿನವರನ್ನು ನೆನೆದರೆ ನಗು ಬರುತ್ತದೆ. ಪಿಕ್ಕಾಸು ಹಿಡಿದು, ಗಾಳಿ ಇದೆಯೋ ಇಲ್ಲವೋ ಎಂದು ದೀಪದ ಕುಡಿಯನ್ನು ನೋಡುತ್ತ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ ಒಳಗೊಳಗೆ ಹೋದರು. ಅಲ್ಲಿಂದ ಸೋರಿ ಬರುವ ನೀರು ಮೇ ತಿಂಗಳಲ್ಲಿಯೂ ಡಿಸೆಂಬರಿನಲ್ಲಿಯೂ ಹೆಚ್ಚು ಕಡಿಮೆ ಒಂದೇ ಹದ, ಊರಿನ ವರ್ಷದ ಸರಾಸರಿಯ ಆಸುಪಾಸು. ಮನೆಗೆ ಬಂದವರಿಗೆ ಅದನ್ನೇ ಒಂದು ತಂಬಿಗೆ, ಜೊತೆಗೆ ಒಂದು ತುಂಡು ಬೆಲ್ಲ. ಬಿಸಿಯದ್ದೋ ತಣ್ಣಗಿನದ್ದೋ ಎಂದು ಕೇಳುವ ಕ್ರಮ ಇರಲಿಲ್ಲ. ಪಾಪ, ಅವರಿಗೆಲ್ಲ ಹೇಗೆ ಅರಗುತ್ತಿತ್ತೋ!

ಈಚೆಗೆ ಪೇಟೆಯ ಒಂದು ಹೋಟೆಲಿನಲ್ಲಿ ಗಿರಾಕಿಯೊಬ್ಬರು ಗಟ್ಟಿ ಮನಸ್ಸು ಮಾಡಿ ಕೇಳಿಯೇಬಿಟ್ಟರು: “ಇದು ಕುದಿಸಿದ ನೀರೋ?” ಅಕ್ಕಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದರು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಧಣಿಗಳು ಎದ್ದು ಬಂದು, ಲೋಟವನ್ನು ಹೊರಗಿನಿಂದ ಮುಟ್ಟಿ ನೋಡಿದರು. ಬಿಸಿ ಇತ್ತು. ಮೇಲೆತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ತಪ್ಪು ಎಲ್ಲಿ ಆಗಿದೆ ಎಂದು ಅವರಿಗೆ ಕೂಡಲೇ ತಿಳಿಯಿತು. ಅಡಿಗೆಮನೆಯ ಕಡೆ ತಿರುಗಿ ಕೂಗಿದರು:

“ಇವರ ನೀರಿಗೆ ಬಣ್ಣ ಕಡಿಮೆಯಾಗಿದೆ. ಒಂದು ಚಿಟಿಕೆ ಪುಡಿ ಹೆಚ್ಚು ಹಾಕಿ ಕೊಡು!”