ಎಲ್ಲ ಪುಸ್ತಕಕ್ಕೂ ಒಂದೇ ಓದು ಸಾಲದು

ಹೊಸ ವರ್ಷ ಬಂತೆಂದರೆ ಶುರು. ಈ ವರ್ಷ ಐವತ್ತು ಪುಸ್ತಕ ಓದ್ತೀನಿ, ನೂರು ಓದ್ತೀನಿ ಅಂತ ಪಟ್ಟಿಗಳು ಬರುತ್ತವೆ. ಆ ಹುಮ್ಮಸ್ಸು ನನಗೆ ಖುಷಿಯೇ, ತಕರಾರಿರೋದು ಲೆಕ್ಕದ ಬಗ್ಗೆ. ಅಲ್ಲಿ ಪತ್ತೇದಾರಿ ಕಾದಂಬರಿಯೂ ಒಂದು, ಕವನ ಸಂಕಲನವೂ ಒಂದು, ಆರುನೂರು ಪುಟದ ಚರಿತ್ರೆಯೂ ಒಂದು. ಲೆಕ್ಕ ತುಂಬಿಸುವ ಅವಸರಕ್ಕೆ ಬಿದ್ದವರು ಎಲ್ಲವನ್ನೂ ಒಂದೇ ವೇಗದಲ್ಲಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಪಕ್ಕಕ್ಕಿಡುತ್ತಾರೆ. ಒಂದು ಪುಸ್ತಕವನ್ನು ಹೇಗೆ ಓದಬೇಕು ಅಂತ ತೀರ್ಮಾನಿಸುವ ಹಕ್ಕು ಆ ಪುಸ್ತಕಕ್ಕೇ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲು ಈ ವೇಗದ ವಿಷಯ. ನಿಮಿಷಕ್ಕೆ ಸಾವಿರ ಪದ ಓದೋದನ್ನು ಕಲಿಸ್ತೀವಿ ಅನ್ನುವವರನ್ನು ದಯವಿಟ್ಟು ನಂಬಬೇಡಿ. ಮಾರ್ಕ್ ಬ್ರಿಸ್ಬಾರ್ಟ್ ಎಂಬ ಮನೋವಿಜ್ಞಾನಿ 2019ರಲ್ಲಿ 190 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಇಂಗ್ಲಿಷ್ ಓದುವ ವಯಸ್ಕರ ಸರಾಸರಿ ವೇಗ ಮಾಹಿತಿ ಬರಹಗಳಿಗೆ ನಿಮಿಷಕ್ಕೆ 238 ಪದ, ಕಥೆ ಕಾದಂಬರಿಗೆ 260. ಗಟ್ಟಿಯಾಗಿ ಓದಿದರೆ 183. (ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಈ ಅಂಕಿಗಳನ್ನು ಹಾಗೇ ನಮಗೆ ಅನ್ವಯಿಸುವ ಹಾಗಿಲ್ಲ.) ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ. ನೆಗೆಯುತ್ತದೆ, ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮತ್ತೆ ನೆಗೆಯುತ್ತದೆ, ಅರ್ಥವಾಗದಿದ್ದರೆ ಹಿಂದಕ್ಕೂ ಬರುತ್ತದೆ. ಹಾಗೆ ಹಿಂದಕ್ಕೆ ಬರೋದು ಕೆಟ್ಟ ಅಭ್ಯಾಸವೇನಲ್ಲ, ತಿಳಿದುಕೊಳ್ಳುವ ಕೆಲಸದ ಒಂದು ಭಾಗ.

ಪದ್ಯವನ್ನಂತೂ ಕಣ್ಣಲ್ಲೇ ಓದಿ ಮುಗಿಸಲು ಸಾಧ್ಯವೇ ಇಲ್ಲ ಅನ್ನುತ್ತೇನೆ. ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಕಾಲ ಒಂದು ಮಾತ್ರೆ), ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಮೂರನೆಯ ಮತ್ತು ಆರನೆಯ ಸಾಲುಗಳು ಅದೇ ನಡೆಯಲ್ಲಿ ಮೂರು-ನಾಲ್ಕರ ಇನ್ನೊಂದು ಸುತ್ತು ಹೆಚ್ಚು ಹೋಗಿ, ಕೊನೆಗೊಂದು ಗುರುವಿನ, ಅಂದರೆ ಎರಡು ಮಾತ್ರೆಯ ಅಕ್ಷರದ, ಮೇಲೆ ನಿಲ್ಲುತ್ತವೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ. ಇದನ್ನೆಲ್ಲ ಹಾಳೆಯ ಮೇಲೆ ಎಣಿಸಬಹುದು, ಆದರೆ ಬಾಯಿಬಿಟ್ಟು ಓದಿದಾಗಲೇ ಆ ಮೂರು-ನಾಲ್ಕರ ಏರಿಳಿತ ಮೈಗೆ ಹತ್ತೋದು. ಎಷ್ಟೋ ಸಲ ಪದ ಎಲ್ಲಿ ಒಡೆಯಬೇಕು ಅಂತ ತಿಳಿಯದೆ ತಡವರಿಸುತ್ತಿದ್ದ ಸಾಲು, ಎರಡು ಸಲ ಗಟ್ಟಿಯಾಗಿ ಅಂದುಕೊಂಡರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಛಂದಸ್ಸಿಲ್ಲದ ಹೊಸ ಕವಿತೆಗೂ ಇದು ಸಲ್ಲುತ್ತದೆ. ಕವಿ ಸಾಲನ್ನು ಎಲ್ಲಿ ಮುರಿದಿದ್ದಾರೋ ಅಲ್ಲಿ ಉಸಿರು ನಿಲ್ಲಿಸಿ ನೋಡಿ. ಒಂದು ಸಂಕಲನವನ್ನು ಒಂದೇ ಸಲ ಕೂತು ಮುಗಿಸಿದೆ ಅಂತ ಯಾರಾದರೂ ಹೇಳಿದರೆ ನನಗೆ ಆ ಕವಿತೆಗಳ ಬಗ್ಗೆಯೇ ಮರುಕವಾಗುತ್ತದೆ.

ಕಾದಂಬರಿಯದ್ದು ಬೇರೆ ದಾರಿ. ಅಲ್ಲಿ ಮೊದಲ ಓದು ಓಡಲಿ. ಹೆಸರುಗಳು ಗೊಂದಲವಾದರೂ, ಒಂದೆರಡು ಪದ ತಿಳಿಯದಿದ್ದರೂ ಪರವಾಗಿಲ್ಲ, ಆ ಲೋಕದಿಂದ ಹೊರಗೆ ಬರಬೇಡಿ. ಮುನ್ನುಡಿಯನ್ನು ಮಾತ್ರ ಕೊನೆಗೆ ಓದಿ. ಎಷ್ಟೋ ಮುನ್ನುಡಿಗಳು ಕಥೆಯನ್ನೆಲ್ಲ ಹೇಳಿಬಿಟ್ಟು, ಯಾವ ಪಾತ್ರದ ಬಗ್ಗೆ ಏನನ್ನಿಸಬೇಕು ಅನ್ನೋದನ್ನೂ ಮೊದಲೇ ಕಟ್ಟಿಕೊಡುತ್ತವೆ.

ಚರಿತ್ರೆಯ ಪುಸ್ತಕವನ್ನು ಹಿಂದಿನಿಂದ ತೆರೆಯಬೇಕು. ಅಡಿಟಿಪ್ಪಣಿ, ಆಕರಗಳು, ಪದಸೂಚಿ (ಯಾವ ವಿಷಯ ಯಾವ ಪುಟದಲ್ಲಿದೆ ಅನ್ನುವ ಪಟ್ಟಿ) ಅಂತ ಮೊದಲು ನೋಡುತ್ತೇನೆ. ಲೇಖಕರು ಶಾಸನಗಳನ್ನು ನೋಡಿದ್ದಾರಾ, ಕಡತಗಳನ್ನು ಹುಡುಕಿದ್ದಾರಾ, ಅಥವಾ ಬೇರೆಯವರು ಬರೆದದ್ದನ್ನೇ ಮತ್ತೆ ಬರೆದಿದ್ದಾರಾ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ನನಗೆ ಮೊದಲೇ ಗೊತ್ತಿರುವ ಒಂದು ಘಟನೆಯ ಪುಟ ಹುಡುಕಿ, ಅದನ್ನು ಹೇಗೆ ಹೇಳಿದ್ದಾರೆ ಅಂತ ಓದುತ್ತೇನೆ. ಅಲ್ಲಿ ನಂಬಿಕೆ ಹುಟ್ಟಿದರೆ ಮೊದಲ ಅಧ್ಯಾಯಕ್ಕೆ ಹೋಗೋದು. ಪದಸೂಚಿಯೇ ಇಲ್ಲದೆ ಅಚ್ಚಾಗುವ ದಪ್ಪ ದಪ್ಪ ಪುಸ್ತಕಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವರ್ಷಗಟ್ಟಲೆ ದುಡಿದು ಬರೆದದ್ದಕ್ಕೆ ಬಾಗಿಲೇ ಇಡದ ಹಾಗೆ ಅದು.

ಆತ್ಮಕಥೆಯಲ್ಲಿ ಬರೆಯದೆ ಬಿಟ್ಟದ್ದರ ಮೇಲೆ ಕಣ್ಣಿಡಬೇಕು. ಇಪ್ಪತ್ತು ವರ್ಷ ಜೊತೆಗಿದ್ದವರು ಎರಡೇ ಸಾಲಿನಲ್ಲಿ ಮುಗಿದುಹೋಗಿದ್ದರೆ, ಕಥೆ ಅಲ್ಲೇ ಇದೆ.

ವಿಜ್ಞಾನ, ಗಣಿತ, ಅರ್ಥಶಾಸ್ತ್ರಕ್ಕೆ ಪೆನ್ಸಿಲ್ ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚುವ ಧೈರ್ಯ ಬೇಕು. ಮುಚ್ಚಿಟ್ಟು, ತಲೆಯಲ್ಲಿ ಉಳಿದದ್ದನ್ನು ಖಾಲಿ ಹಾಳೆಯ ಮೇಲೆ ಬರೆಯಿರಿ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು, ಇನ್ನೊಂದನ್ನು ಒಮ್ಮೆ ಓದಿ, ನೆನಪಾದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ ಪಾಠವೇ ಹೆಚ್ಚು ನೆನಪಿತ್ತು. ವಾರದ ನಂತರ ಲೆಕ್ಕ ತಿರುಗಿತು: ಬರೆದ ಪಾಠ ಶೇ. 56ರಷ್ಟು ನೆನಪಿತ್ತು, ಮತ್ತೆ ಓದಿದ್ದು ಶೇ. 42. ಸಾಲು ಸಾಲಿಗೂ ಹಳದಿ ಬಣ್ಣ ಬಳಿಯುತ್ತಾ ಎಲ್ಲ ಅರ್ಥವಾಯಿತು ಅಂದುಕೊಳ್ಳುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲಿ ಎಷ್ಟೋ ಒಂದೇ ಮಾತನ್ನು ಹತ್ತು ಅಧ್ಯಾಯಕ್ಕೆ ಎಳೆದಿರುತ್ತವೆ. ಪರಿವಿಡಿ ನೋಡಿ, ಬೇಕಾದ ಅಧ್ಯಾಯ ಓದಿ, ಕೆಳಗಿಡಿ. ಅರ್ಧಕ್ಕೆ ಬಿಡೋದು ಪಾಪವಲ್ಲ.

ಕಾಗದವೋ ಪರದೆಯೋ ಅನ್ನುವ ಜಗಳಕ್ಕೂ ಒಂದೇ ಉತ್ತರವಿಲ್ಲ. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ 54 ಅಧ್ಯಯನಗಳನ್ನು, 1,70,000ಕ್ಕೂ ಹೆಚ್ಚು ಓದುಗರನ್ನು ಒಳಗೊಂಡಿತ್ತು. ಮಾಹಿತಿ ಬರಹವನ್ನು ಕಾಗದದ ಮೇಲೆ ಓದಿದವರು ಹೆಚ್ಚು ಗ್ರಹಿಸಿದ್ದರು, ಸಮಯದ ಒತ್ತಡವಿದ್ದಾಗ ಅಂತರ ಇನ್ನಷ್ಟು ಹೆಚ್ಚಿತ್ತು. ಬರೀ ಕಥೆಯಾದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಕಾದಂಬರಿಯನ್ನು ಮೊಬೈಲಿನಲ್ಲಿ ಓದುವವರನ್ನು ಹೀಗಳೆಯಬೇಡಿ. ಕಣ್ಣು ಸೋತವರಿಗೆ, ದಿನವಿಡೀ ಕೈಗೆ ಬಿಡುವಿಲ್ಲದವರಿಗೆ ಆಡಿಯೋ ಪುಸ್ತಕವೂ ಓದೇ. ಆತ್ಮಕಥೆಯನ್ನು ಬರೆದವರ ದನಿಯಲ್ಲೇ ಕೇಳುವ ಸುಖ ಅಚ್ಚಿನಲ್ಲಿ ಸಿಗುವುದಿಲ್ಲ. ಕೋಷ್ಟಕ, ಸಮೀಕರಣ, ನಕಾಶೆ ಇರುವ ಪುಸ್ತಕ ಮಾತ್ರ ಮೇಜಿನ ಮೇಲೇ ಇರಲಿ, ಪಕ್ಕದಲ್ಲೊಂದು ಪೆನ್ಸಿಲ್ ಇಟ್ಟುಕೊಂಡು.